ಚಳಿಗೆ ಗ್ಲೌಸ್ ಆರಿಸುವುದು: ಬೆರಳು ಬೆಚ್ಚಗಿರಬೇಕು, ಟ್ರಿಗರೂ ನಟ್ಟೂ ಕೈಗೆ ಸಿಗಬೇಕು

ಮೈನಸ್ 10 ಡಿಗ್ರಿ ಚಳಿ. ಕೈಗೆ ದಪ್ಪ ಗ್ಲೌಸ್. ಕೂರಿಸಬೇಕಾದದ್ದು ಒಂದೇ ಒಂದು ಸಣ್ಣ ನಟ್ಟು. ಗ್ಲೌಸ್ ಹಾಕಿಕೊಂಡು ಹಿಡಿಯಲು ಹೋದರೆ ಜಾರುತ್ತದೆ. ಸರಿ ಅಂತ ಬಲಗೈ ಗ್ಲೌಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಬರಿ ಬೆರಳಲ್ಲಿ ನಟ್ಟು ಹಿಡಿದೆ, ಬೋಲ್ಟಿಗೆ ಇಟ್ಟೆ, ಅರ್ಧ ಸುತ್ತು ತಿರುಗಿಸಿದೆ. ಥ್ರೆಡ್ ಕೂರಲಿಲ್ಲ. ಮತ್ತೆ ಇಟ್ಟೆ. ಮೂರನೇ ಸಲಕ್ಕೆ ಬೆರಳಿಗೂ ನಟ್ಟಿಗೂ ಸಂಬಂಧವೇ ಇಲ್ಲದಂತಾಯಿತು. ನಟ್ಟು ಹಿಮದಲ್ಲಿ ಬಿತ್ತು. ಬೈಯಲು ಬಾಯಿ ತೆಗೆದೆ, ಗ್ಲೌಸೂ ಬಿತ್ತು.

ಗ್ಲೌಸ್ ಕೊಳ್ಳುವಾಗ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: ಬೆಚ್ಚಗಿದೆಯಾ? ಅದರ ಜೊತೆಗೆ ಇನ್ನೊಂದು ಕೇಳಬೇಕು: ಇದನ್ನು ದಿನಕ್ಕೆ ಎಷ್ಟು ಸಲ ತೆಗೆಯಬೇಕಾಗುತ್ತದೆ? ಹತ್ತು ನಿಮಿಷಕ್ಕೊಮ್ಮೆ ತೆಗೆಯಬೇಕಾದ ದಪ್ಪ ಗ್ಲೌಸಿಗಿಂತ, ಇಡೀ ದಿನ ಕೈಯಲ್ಲೇ ಉಳಿಯುವ ತೆಳು ಗ್ಲೌಸ್ ಹೆಚ್ಚು ಬೆಚ್ಚಗಿರುತ್ತದೆ. ಬಂದೂಕು ಹಿಡಿಯುವವರಿಗಂತೂ ಇದು ಸುರಕ್ಷತೆಯ ಮಾತು. ಟ್ರಿಗರ್ ಮೇಲೆ ಬೆರಳು ಇದೆಯೋ ಇಲ್ಲವೋ ಗೊತ್ತಾಗದ ಕೈಯಲ್ಲಿ ತುಂಬಿದ ಬಂದೂಕು ಇರಬಾರದು.

ಬೆರಳೇ ಯಾಕೆ ಮೊದಲು ಸೋಲುತ್ತದೆ

ಚಳಿ ಹತ್ತಿದಾಗ ದೇಹ ಮೊದಲು ತನ್ನ ನಡುಭಾಗವನ್ನು ಕಾಪಾಡಿಕೊಳ್ಳುತ್ತದೆ. ಹೃದಯ, ಶ್ವಾಸಕೋಶ, ಹೊಟ್ಟೆ ಬೆಚ್ಚಗಿರಲಿ ಅಂತ ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೆರಳಿನಲ್ಲಿ ದೊಡ್ಡ ಸ್ನಾಯುಗಳಿಲ್ಲ, ಹಾಗಾಗಿ ಅಲ್ಲಿ ಶಾಖ ಹುಟ್ಟುವುದು ತೀರಾ ಕಡಿಮೆ. ಬರುವುದೆಲ್ಲ ರಕ್ತದ ಜೊತೆ ಬರಬೇಕು. ರಕ್ತ ಕಡಿಮೆಯಾದರೆ ಮುಗಿಯಿತು.

ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಕೈಚಳಕ ಕಡಿಮೆಯಾಗತೊಡಗುತ್ತದೆ. ಸುಮಾರು 8 ಡಿಗ್ರಿಗೆ ಬಂದರೆ ಸ್ಪರ್ಶವೇ ಮಂಕಾಗುತ್ತದೆ. ನನ್ನ ನಟ್ಟು ಬಿದ್ದದ್ದು ಈ ಎರಡರ ನಡುವೆ ಎಲ್ಲೋ ಇರಬೇಕು.

ಒಂದು ತಮಾಷೆಯ ವಿಷಯ. ಚಳಿಯಲ್ಲಿ ಐದು ಹತ್ತು ನಿಮಿಷ ಕಳೆದ ಮೇಲೆ ಬೆರಳಿನ ರಕ್ತನಾಳಗಳು ತಾವಾಗಿಯೇ ಸ್ವಲ್ಪ ಹೊತ್ತು ತೆರೆದುಕೊಳ್ಳುತ್ತವೆ, ಮತ್ತೆ ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ಇದನ್ನು ವಿವರಿಸಿದರು. ಇದಕ್ಕೆ ‘ಹಂಟಿಂಗ್ ರೆಸ್ಪಾನ್ಸ್’ ಅಂತ ಹೆಸರು. ಬೇಟೆಗಾರರಿಗೂ ಇದಕ್ಕೂ ಸಂಬಂಧವಿಲ್ಲ. ಏರುತ್ತಾ ಇಳಿಯುತ್ತಾ ತಡಕಾಡುವ ಗುಣಕ್ಕೆ ಬಂದ ಹೆಸರು ಅದು. ಆದರೆ ಇದು ಎಲ್ಲರಿಗೂ ಒಂದೇ ಸಮ ಆಗುವುದಿಲ್ಲ. ಇಡೀ ಮೈ ತಣ್ಣಗಾಗಿದ್ದರೆ ಇನ್ನೂ ಕಡಿಮೆ. ಇದನ್ನು ನಂಬಿ ಕೂರಬೇಡಿ.

ದೇಹ ಮೊದಲು ನಡುಭಾಗವನ್ನು ಕಾಯುತ್ತದೆ ಅನ್ನುವ ಒಂದು ವಿಷಯದಿಂದಲೇ ಮೊದಲ ಸಲಹೆ ಹುಟ್ಟುತ್ತದೆ: ಕೈ ತಣ್ಣಗಾಗುತ್ತಿದ್ದರೆ ಮೊದಲು ಕೈ ನೋಡಬೇಡಿ. ತಲೆ, ಕುತ್ತಿಗೆ, ಎದೆ, ಮಣಿಕಟ್ಟು ನೋಡಿ. ಟೋಪಿ ಇಲ್ಲದೆ ನಿಂತು ದುಬಾರಿ ಗ್ಲೌಸ್ ಹುಡುಕುವುದು, ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮಕ್ಕೆ ಹತ್ತಿರದಲ್ಲಿ ಹರಿಯುತ್ತವೆ. ಜಾಕೆಟ್ ತೋಳಿಗೂ ಗ್ಲೌಸಿಗೂ ಮಧ್ಯೆ ಎರಡು ಬೆರಳಗಲ ಜಾಗ ತೆರೆದಿದ್ದರೆ ಬೆರಳಿಗೆ ಹೋಗುವ ರಕ್ತ ಅಲ್ಲೇ ತಣ್ಣಗಾಗುತ್ತದೆ. ಒಂದು ಹಳೆ ಉಣ್ಣೆ ಕಾಲುಚೀಲದ ಮೇಲ್ಭಾಗ ಕತ್ತರಿಸಿ ಮಣಿಕಟ್ಟಿಗೆ ಏರಿಸಿಕೊಳ್ಳಿ, ಹೆಬ್ಬೆರಳಿಗೊಂದು ತೂತು ಮಾಡಿ. ಸುಮ್ನೆ ಕಾಣುವ ಈ ಉಪಾಯದಿಂದ ಒಂದು ಪದರ ತೆಳು ಗ್ಲೌಸಿನಲ್ಲೇ ಕೆಲಸ ನಡೆಯುತ್ತದೆ.

ಮೊದಲ ಹೆಜ್ಜೆ: ಬೆರಳು ಮಾಡುವ ಅತಿ ಸೂಕ್ಷ್ಮ ಕೆಲಸ ಯಾವುದು?

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿ ಬರೆಯಿರಿ. ಹೊರಗೆ ಇರುವಷ್ಟು ಹೊತ್ತು ಕೈ ಏನೇನು ಮಾಡುತ್ತದೆ? ಸಲಿಕೆ ಹಿಡಿಯುವುದು, ಹಗ್ಗ ಎಳೆಯುವುದು, ಜಿಪ್ ಹಾಕುವುದು, ಸ್ಕ್ರೂ ತಿರುಗಿಸುವುದು, ಬಂದೂಕಿನ ಮ್ಯಾಗಝಿನ್‌ಗೆ (ತೋಟಾಗಳ ಪೆಟ್ಟಿಗೆಗೆ) ತೋಟಾ ತುಂಬುವುದು, ಗುಂಡು ಹಾರದಂತೆ ತಡೆಯುವ ಸೇಫ್ಟಿ ಒತ್ತುವುದು, ಟ್ರಿಗರ್ ಎಳೆಯುವುದು, ಫೋನ್ ಮುಟ್ಟುವುದು. ಪ್ರತಿಯೊಂದರ ಎದುರು ಎಷ್ಟು ಹೊತ್ತು, ಎಷ್ಟು ಸಲ ಅಂತ ಬರೆಯಿರಿ.

ಬರೆದು ನೋಡಿದರೆ ಸಾಮಾನ್ಯವಾಗಿ ಒಂದು ವಿಷಯ ಕಾಣುತ್ತದೆ. ಸೂಕ್ಷ್ಮ ಕೆಲಸ ಇಡೀ ದಿನದಲ್ಲಿ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಕೈ ಏನನ್ನಾದರೂ ದಪ್ಪಗೆ ಹಿಡಿದಿರುತ್ತದೆ, ಇಲ್ಲವೇ ಸುಮ್ಮನೆ ಇರುತ್ತದೆ. ಕೆಲಸಗಾರನ ಚೀಟಿ ಬೇರೆ: ಅಲ್ಲಿ ಸಣ್ಣ ಕೆಲಸ ಗಂಟೆಗೆ ಹತ್ತು ಸಲ ಬರುತ್ತದೆ, ಆದರೆ ಮೈ ಓಡಾಡುತ್ತಲೇ ಇರುತ್ತದೆ, ಹಾಗಾಗಿ ಕೈಗೆ ಶಾಖ ಬರುತ್ತಿರುತ್ತದೆ. ಗುರಿ ಹಿಡಿದು ಗಂಟೆಗಟ್ಟಲೆ ಅಲ್ಲಾಡದೆ ಕೂತವನಿಗೆ ಆ ಶಾಖವೂ ಇಲ್ಲ. ಒಂದೇ ಉಷ್ಣತೆ, ಒಂದೇ ಗಾಳಿ, ಆದರೂ ಇಬ್ಬರಿಗೂ ಬೇರೆ ಗ್ಲೌಸ್ ಬೇಕು.

ಗಾಳಿಯನ್ನೂ ಚೀಟಿಯಲ್ಲಿ ಸೇರಿಸಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 20ರ ಹಾಗೆ. ಹೆಣೆದ ಉಣ್ಣೆ ಗ್ಲೌಸ್ ಗಾಳಿ ಇಲ್ಲದಾಗ ಚೆನ್ನ, ಗಾಳಿ ಬಂದರೆ ಜರಡಿ.

ಎರಡನೇ ಹೆಜ್ಜೆ: ಒಂದು ಜೊತೆಯ ಆಸೆ ಬಿಡಿ

‘ಎಲ್ಲಕ್ಕೂ ಒಂದೇ’ ಅನ್ನುವ ಗ್ಲೌಸನ್ನು ನಾನು ಇನ್ನೂ ನೋಡಿಲ್ಲ. ಅದಕ್ಕೆ ಕಾರಣವೂ ಇದೆ. ಬೆರಳು ಅಂದರೆ ಒಂದು ಸಣ್ಣ ಕೊಳವೆ. ಸಣ್ಣ ಕೊಳವೆಯ ಸುತ್ತ ಹತ್ತಿ ಸುತ್ತುತ್ತಾ ಹೋದರೆ ಹೊರಗಿನ ಸುತ್ತಳತೆಯೂ ಹೆಚ್ಚುತ್ತಾ ಹೋಗುತ್ತದೆ, ಅಷ್ಟು ಜಾಗದಿಂದಲೂ ಶಾಖ ಹೊರಗೆ ಹೋಗುತ್ತದೆ. ಮೊದಲ ಪದರದಿಂದ ಸಿಗುವ ಲಾಭ ಮೂರನೇ ಪದರದಿಂದ ಸಿಗುವುದಿಲ್ಲ. ಬೆರಳು ಬೆರಳಿಗೂ ದಪ್ಪ ಸುತ್ತಿದರೆ ಕೈ ಬಾಳೆಗೊನೆಯ ಹಾಗೆ ಕಾಣುತ್ತದೆಯೇ ಹೊರತು ಹೆಚ್ಚು ಬೆಚ್ಚಗಾಗುವುದಿಲ್ಲ. ನಾಲ್ಕು ಬೆರಳನ್ನೂ ಒಂದೇ ಚೀಲದಲ್ಲಿ ಇಡುವ ಮಿಟನ್ ಬೆಚ್ಚಗಿರುವುದು ಇದಕ್ಕೇ: ಬೆರಳುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಹೊರಗೆ ತೆರೆದುಕೊಳ್ಳುವ ಜಾಗ ಕಡಿಮೆ.

ಹಾಗಾಗಿ ಎರಡು ಪದರ. ಒಳಗೆ ತೆಳುವಾದ, ಕೈಗೆ ಅಂಟಿದಂತಿರುವ ಗ್ಲೌಸ್. ಇದನ್ನು ಲೈನರ್ ಅನ್ನುತ್ತಾರೆ. ಸೂಕ್ಷ್ಮ ಕೆಲಸವೆಲ್ಲ ಇದರಲ್ಲೇ. ಇದು ಕೈಯಿಂದ ಇಳಿಯುವುದೇ ಇಲ್ಲ. ಹೊರಗೆ ದಪ್ಪದ್ದು, ಮಿಟನ್ ಆದರೆ ಇನ್ನೂ ಒಳ್ಳೆಯದು, ಒಂದೇ ಎಳೆತಕ್ಕೆ ಬರುವಂಥದ್ದು. ಹೊರಗಿನದಕ್ಕೆ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಿ. ಮಕ್ಕಳಿಗೆ ಕಟ್ಟುವ ಹಾಗಿದೆ ಅಂತ ನಾಚಿಕೆ ಬೇಡ. ಹಲ್ಲಿನಲ್ಲಿ ಕಚ್ಚಿ ಬೀಳಿಸಿಕೊಂಡವನ ಮಾತು ಇದು.

ಬಂದೂಕಿನವರಿಗೆ ಮೂರನೆಯ ದಾರಿಯೂ ಇದೆ. ಹೆಬ್ಬೆರಳು ಮತ್ತು ತೋರುಬೆರಳು ಬೇರೆ, ಉಳಿದ ಮೂರೂ ಒಂದೇ ಚೀಲದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲೇ ಅಮೆರಿಕದ ಸೇನೆ ಇಂಥ ಟ್ರಿಗರ್ ಫಿಂಗರ್ ಮಿಟನ್ ಕೊಡುತ್ತಿತ್ತು. ಟ್ರಿಗರ್ ಬೇಕಿಲ್ಲದಾಗ ತೋರುಬೆರಳನ್ನೂ ಒಳಗೆಳೆದುಕೊಂಡು ಉಳಿದ ಮೂರರ ಜೊತೆ ಬೆಚ್ಚಗಿಡಬಹುದು. ಅಂಗೈ ಕಡೆ ಸೀಳು ಇರುವ ಮಿಟನ್, ಮೇಲ್ಭಾಗ ಮಡಚಿಟ್ಟರೆ ಬೆರಳ ತುದಿ ಹೊರಬರುವ ಮಿಟನ್ ಇವೂ ಇದೇ ಜಾತಿ. ಮಡಚುವ ಜಾತಿಯದು ಕೊಳ್ಳುವಾಗ ಒಂದು ಗಮನಿಸಿ: ಮಡಚಿದ ಭಾಗ ಹಿಂದಕ್ಕೆ ಗಟ್ಟಿಯಾಗಿ ನಿಲ್ಲಬೇಕು. ಅಯಸ್ಕಾಂತವೋ ವೆಲ್ಕ್ರೋವೋ ಏನೋ ಒಂದು ಇರಬೇಕು. ನೇತಾಡುವ ಬಟ್ಟೆ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಕಾವಲು ಬಳೆ) ಹತ್ತಿರ ಬರುವುದು ಯಾರಿಗೂ ಬೇಡ.

ಎರಡೂ ಕೈಗೆ ಒಂದೇ ಥರದ ಗ್ಲೌಸ್ ಇರಬೇಕು ಅಂತ ಯಾರು ಹೇಳಿದರು? ರೈಫಲ್ ಹೊಡೆಯುವಾಗ ಆಧಾರದ ಕೈ ಸುಮ್ಮನೆ ಹಿಡಿದಿರುತ್ತದೆ ಅಷ್ಟೆ. ಅದಕ್ಕೆ ದಪ್ಪದ್ದು ಹಾಕಿ, ಟ್ರಿಗರ್ ಕೈಗೆ ತೆಳುವಾದದ್ದು. ಟ್ರಿಗರ್ ಕೈ ಬಿಡುವಿದ್ದಾಗ ಜೇಬಿನಲ್ಲಿ ಬೆಚ್ಚಗಿರಲಿ. ಬಯಾಥ್ಲಾನ್ ಆಡುವವರನ್ನು ನೋಡಿ. ಹಿಮದಲ್ಲಿ ಸ್ಕೀ ಓಡಿಸಿಕೊಂಡು ಬಂದು 50 ಮೀಟರ್ ದೂರದ, ಮಲಗಿ ಹೊಡೆಯುವಾಗ ಬರೀ 45 ಮಿಲಿಮೀಟರ್ ಅಗಲದ ಗುರಿಗೆ ಐದು ಗುಂಡು ಹೊಡೆಯಬೇಕು. ಅವರ ಕೈಯಲ್ಲಿ ದಪ್ಪ ಗ್ಲೌಸ್ ಕಾಣುವುದಿಲ್ಲ. ತೆಳು ಗ್ಲೌಸೇ. ಓಡಿ ಬಂದ ಮೈಯ ಶಾಖ ಅವರ ಬೆರಳನ್ನು ಕಾಯುತ್ತದೆ. ಆ ಆಟದಲ್ಲೂ ಮೈನಸ್ 20ಕ್ಕಿಂತ ಕೆಳಗೆ ಹೋದರೆ ಸ್ಪರ್ಧೆ ಶುರು ಮಾಡುವುದಿಲ್ಲ.

ಮೂರನೇ ಹೆಜ್ಜೆ: ಅಳತೆ

ಇಲ್ಲಿ ಎಡವುವವರೇ ಜಾಸ್ತಿ. ಟೇಪನ್ನು ಅಂಗೈ ಸುತ್ತ, ಗೆಣ್ಣುಗಳ ಮೇಲೆ, ಹೆಬ್ಬೆರಳು ಬಿಟ್ಟು ಸುತ್ತಿ. ಆಮೇಲೆ ನಡುಬೆರಳಿನ ತುದಿಯಿಂದ ಮಣಿಕಟ್ಟಿನ ಗೆರೆಯವರೆಗೆ ಉದ್ದ ನೋಡಿ. ಯೂರೋಪಿನ ಲೆಕ್ಕದಲ್ಲಿ ಸುತ್ತಳತೆ 203 ಮಿಲಿಮೀಟರ್, ಉದ್ದ 182 ಇದ್ದರೆ ಸೈಜ್ 8. 229 ಮತ್ತು 192 ಆದರೆ 9. 254 ಮತ್ತು 204 ಆದರೆ 10. ಎರಡು ಅಳತೆ ಬೇರೆ ಬೇರೆ ಸೈಜ್ ತೋರಿಸಿದರೆ ಲೈನರಿಗೆ ಉದ್ದ ನಂಬಿ, ಹೊರಗಿನದಕ್ಕೆ ಸುತ್ತಳತೆ ನಂಬಿ.

ಬಲಗೈ ಅಳೆಯಿರಿ, ಎಡಗೈಯೂ ಅಳೆಯಿರಿ. ಹೆಚ್ಚು ಕೆಲಸ ಮಾಡುವ ಕೈ ಸ್ವಲ್ಪ ದಪ್ಪ ಇರುವುದು ಸಾಮಾನ್ಯ.

ಬಿಗಿ ಗ್ಲೌಸ್ ಹಾಕಿದರೆ ಬೆರಳಾಟ ಚೆನ್ನಾಗಿರುತ್ತದೆ ಅಂತ ಅನಿಸುತ್ತದೆ. ಅಂಗಡಿಯಲ್ಲಿ ಹೌದು. ಹೊರಗೆ ಚಳಿಯಲ್ಲಿ ಬಿಗಿಯಾದದ್ದು ಎರಡು ಕೆಡುಕು ಮಾಡುತ್ತದೆ. ರಕ್ತದ ಹರಿವನ್ನು ಒತ್ತುತ್ತದೆ, ಒಳಗಿನ ತುಂಬನ್ನೂ ಒತ್ತಿ ಅದರಲ್ಲಿ ನಿಂತ ಗಾಳಿಯನ್ನು ಹೊರಹಾಕುತ್ತದೆ. ಬೆಚ್ಚಗಿಡುವುದು ಆ ನಿಂತ ಗಾಳಿಯೇ ಅಲ್ವಾ? ಮುಷ್ಟಿ ಕಟ್ಟಿ ನೋಡಿ. ಗೆಣ್ಣಿನ ಮೇಲೆ ಬಟ್ಟೆ ಡೋಲಿನ ಹಾಗೆ ಬಿಗಿದರೆ ಬೇಡ. ಬೆರಳ ಸಂದಿಯಲ್ಲಿ ಬಟ್ಟೆ ತಳಕ್ಕೆ ಕೂತಿರಬೇಕು. ಸಂದಿಗೂ ಬಟ್ಟೆಗೂ ನಡುವೆ ಖಾಲಿ ಉಳಿದರೆ ಬೆರಳು ಗಿಡ್ಡವಾದಂತೆ, ಹಿಡಿತ ಸಿಗುವುದಿಲ್ಲ. ಬೆರಳ ತುದಿಯಲ್ಲಿ ಕೊಂಚ ಜಾಗ ಇರಲಿ. ಟ್ರಿಗರ್ ಬೆರಳಿಗೆ ಮಾತ್ರ ಆ ಜಾಗವೂ ಬೇಡ. ಅಲ್ಲಿ ಮಡಿಕೆ ಬಿದ್ದರೆ ಟ್ರಿಗರ್ ತಾಗಿದ್ದು ಬೆರಳೋ ಮಡಿಕೆಯೋ ತಿಳಿಯುವುದಿಲ್ಲ.

ಹೊರಗಿನ ಗ್ಲೌಸನ್ನು ಲೈನರ್ ಹಾಕಿಕೊಂಡೇ ಅಳೆದು ನೋಡಿ. ಇದನ್ನು ಮರೆತು ಒಂದು ಒಳ್ಳೆಯ ಜೊತೆಯನ್ನು ನಾನು ಬೇರೆಯವರಿಗೆ ಕೊಟ್ಟೆ. ಅವರ ಕೈ ಸಣ್ಣದು, ಈಗಲೂ ಖುಷಿಯಾಗಿ ಹಾಕುತ್ತಾರೆ.

ನಾಲ್ಕನೇ ಹೆಜ್ಜೆ: ಹೊಲಿಗೆ ನೋಡಿ

ಗ್ಲೌಸನ್ನು ಒಳಗಿನಿಂದ ಮುಟ್ಟಿ ನೋಡಿ. ತೋರುಬೆರಳಿನ ತುದಿಯಲ್ಲಿ, ಸರಿಯಾಗಿ ಬೆರಳಚ್ಚು ಬೀಳುವ ಜಾಗದಲ್ಲಿ ಹೊಲಿಗೆಯ ಗಂಟು ಸಿಗುತ್ತದೆಯಾ? ಸಿಕ್ಕರೆ ಅದನ್ನು ಅಲ್ಲೇ ಇಟ್ಟುಬಿಡಿ. ಆ ಗಂಟು ದಿನವಿಡೀ ಅಲ್ಲೇ ಒತ್ತುತ್ತದೆ, ಟ್ರಿಗರ್ ಎಳೆಯುವಾಗ ಮೊದಲು ಗೊತ್ತಾಗುವುದೂ ಅದೇ. ಒಳ್ಳೆಯ ಗ್ಲೌಸುಗಳಲ್ಲಿ ಅಂಗೈ ಕಡೆಯ ತುಂಡನ್ನು ಬೆರಳ ತುದಿಯ ಮೇಲಿಂದ ಉಗುರಿನ ಕಡೆಗೆ ಮಡಚಿ ಅಲ್ಲಿ ಹೊಲಿದಿರುತ್ತಾರೆ. ತುದಿ ನಯವಾಗಿರುತ್ತದೆ. ಬೆರಳಿನ ಎರಡೂ ಪಕ್ಕಕ್ಕೆ ಪ್ರತ್ಯೇಕ ಪಟ್ಟಿ ಕೊಟ್ಟು ಹೊಲಿದರೆ ಬೆರಳು ಚಪ್ಪಟೆಯಾಗದೆ ದುಂಡಗೆ ಕೂರುತ್ತದೆ.

ಮೇಜಿನ ಮೇಲೆ ಇಟ್ಟಾಗ ಬೆರಳುಗಳು ಕೊಂಚ ಬಾಗಿರುವ ಗ್ಲೌಸ್ ಒಳ್ಳೆಯದು. ನಮ್ಮ ಕೈ ಸುಮ್ಮನಿದ್ದಾಗಲೂ ಬಾಗಿಯೇ ಇರುತ್ತದೆ. ನೇರ ಹೊಲಿದ ಗ್ಲೌಸನ್ನು ಬಗ್ಗಿಸಿ ಹಿಡಿಯಲು ಪ್ರತಿ ಸಲವೂ ಸ್ವಲ್ಪ ಬಲ ಬೇಕು. ಸಂಜೆ ಹೊತ್ತಿಗೆ ಮುಂಗೈ ನೋಯುತ್ತದೆ.

ಹೆಬ್ಬೆರಳಿನ ಬುಡವನ್ನು ಮರೆಯಬೇಡಿ. ಸೇಫ್ಟಿ ಒತ್ತುವುದು, ಸ್ಪ್ಯಾನರ್ ಹಿಡಿಯುವುದು ಎಲ್ಲ ಹೆಬ್ಬೆರಳಿನ ಕೆಲಸ. ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ತಾಗಿಸಿ. ತಾಗುವಾಗ ಇಡೀ ಗ್ಲೌಸ್ ತಿರುಚಿಕೊಂಡರೆ ಕತ್ತರಿಕೆ ಸರಿಯಿಲ್ಲ.

ಒಳಗಿನ ಅಸ್ತರು ಹೊರಪದರಕ್ಕೆ ಅಂಟಿರಬೇಕು. ಸಡಿಲ ಅಸ್ತರು ಇದ್ದರೆ ಒದ್ದೆ ಕೈ ಹೊರತೆಗೆದಾಗ ಅದೂ ಜೊತೆಗೆ ಹೊರಬರುತ್ತದೆ. ಆಮೇಲೆ ಬೆರಳು ಒಳಗೆ ಹೋಗುವುದೇ ಇಲ್ಲ. ಪರೀಕ್ಷೆ ಸುಲಭ: ಗ್ಲೌಸ್ ಹಾಕಿ, ಪ್ರತಿ ಬೆರಳಿನ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಕೈಯನ್ನು ಹಿಂದಕ್ಕೆ ಎಳೆಯಿರಿ. ಜಾರುತ್ತದೆಯಾ ಅಂತ ಗೊತ್ತಾಗುತ್ತದೆ.

ಐದನೇ ಹೆಜ್ಜೆ: ಯಾವುದರಿಂದ ಮಾಡಿದ್ದು

ಲೈನರಿಗೆ ಮೆರಿನೋ ಉಣ್ಣೆ ನನ್ನ ಆಯ್ಕೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರಿನ ಆವಿ ಹೀರಿಕೊಂಡರೂ ತಣ್ಣಗೆ ಅನಿಸುವುದಿಲ್ಲ. ಒಂದೇ ದೋಷ, ಬೇಗ ತೂತು ಬೀಳುತ್ತದೆ. ಪಾಲಿಯೆಸ್ಟರ್ ಲೈನರ್ ಬಾಳಿಕೆ ಬರುತ್ತದೆ, ಬೇಗ ಒಣಗುತ್ತದೆ. ರೇಷ್ಮೆ ತೀರಾ ತೆಳು, ಇನ್ನೊಂದರ ಒಳಗೆ ಹಾಕಲು ಚೆನ್ನ. ಹತ್ತಿ ಮಾತ್ರ ಬೇಡ. ಹತ್ತಿ ಬೆವರು ಕುಡಿದು ಹಾಗೇ ಹಿಡಿದುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಒದ್ದೆ ಗ್ಲೌಸ್ ಹಾಕಿಕೊಂಡರೆ ನಿಮ್ಮ ಕೈಯ ಶಾಖವನ್ನು ನೀವೇ ಹೊರಗೆ ಸಾಗಿಸಿದಂತೆ.

ಅಂಗೈಗೆ ಚರ್ಮ ಇದ್ದರೆ ಹಿಡಿತ ಚೆನ್ನ. ಆಡಿನ ಚರ್ಮ ತೆಳುವಿದ್ದೂ ಗಟ್ಟಿ, ಬೆರಳಿಗೆ ಸ್ಪರ್ಶ ತಿಳಿಯುತ್ತದೆ. ಶೂಟಿಂಗಿಗೂ ಸಣ್ಣ ಕೆಲಸಕ್ಕೂ ಅದನ್ನೇ ಹೇಳುತ್ತೇನೆ. ಜಿಂಕೆ ಚರ್ಮ ಇನ್ನೂ ಮೃದು, ಒದ್ದೆಯಾಗಿ ಒಣಗಿದ ಮೇಲೂ ಮೆತ್ತಗೆ ಉಳಿಯುತ್ತದೆ, ಆದರೆ ಒರಟು ಕೆಲಸಕ್ಕೆ ಸವೆಯುತ್ತದೆ. ದನದ ಚರ್ಮ ದಪ್ಪ, ಸಲಿಕೆ ಹಾರೆಗೆ ಸರಿ, ಟ್ರಿಗರಿಗಲ್ಲ.

ರಬ್ಬರ್ ಲೇಪಿಸಿದ ಹೆಣಿಗೆ ಗ್ಲೌಸುಗಳನ್ನು ಕೀಳಾಗಿ ನೋಡಬೇಡಿ. ಒಳಗೆ ದಪ್ಪ ಟವಲ್ ಥರದ ಹೆಣಿಗೆ, ಹೊರಗೆ ಲೇಟೆಕ್ಸ್. ಚಳಿಯಲ್ಲೂ ಲೇಟೆಕ್ಸ್ ಮೆತ್ತಗಿರುತ್ತದೆ, ಒದ್ದೆ ಲೋಹದ ಮೇಲೂ ಜಾರುವುದಿಲ್ಲ. ಪಿವಿಸಿ ಚಳಿಗೆ ಬಿರುಸಾಗುತ್ತದೆ, ಅದು ಬೇಡ. ಎಣ್ಣೆ, ಗ್ರೀಸ್ ಮುಟ್ಟುವವರಿಗೆ ಮಾತ್ರ ಲೇಟೆಕ್ಸ್ ಆಗದು, ಎಣ್ಣೆಗೆ ಅದು ಹಾಳಾಗುತ್ತದೆ. ಅವರು ಎಣ್ಣೆ ತಾಳುವ ನೈಟ್ರೈಲ್ ರಬ್ಬರಿನದು ನೋಡಲಿ. ದಿನಗೂಲಿ ಕೆಲಸದಲ್ಲಿ ಎರಡು ಮೂರು ಜೊತೆ ಇಂಥವನ್ನು ಇಟ್ಟುಕೊಂಡು, ಒದ್ದೆಯಾದಾಗ ಬದಲಾಯಿಸುವುದು ಒಂದು ಭಾರಿ ಗ್ಲೌಸಿಗಿಂತ ಮೇಲು.

ತುಂಬಿನ ಬಗ್ಗೆ ಪೆಟ್ಟಿಗೆಯ ಮೇಲೆ 40 ಗ್ರಾಂ, 100 ಗ್ರಾಂ, 200 ಗ್ರಾಂ ಅಂತ ಬರೆದಿರುತ್ತದೆ. ಅದು ಗ್ಲೌಸಿನ ತೂಕವಲ್ಲ, ತುಂಬಿನ ಹಾಳೆ ಒಂದು ಚದರ ಮೀಟರಿಗೆ ಎಷ್ಟು ತೂಗುತ್ತದೆ ಅನ್ನುವ ಲೆಕ್ಕ. ಥಿನ್ಸುಲೇಟ್, ಪ್ರೈಮಾಲಾಫ್ಟ್ ಅನ್ನುವ ತುಂಬಿನ ಬ್ರಾಂಡುಗಳ ಹೆಸರು ಸಿಗುತ್ತವೆ. ಟ್ರಿಗರ್ ಎಳೆಯುವ ಕೈಗೆ 40ರ ಆಚೆ ಹೋಗಬೇಡಿ. ಅದರಲ್ಲೂ ಒಂದು ಜಾಣತನ ಇದೆ: ಕೈಯ ಹಿಂಬದಿಗೆ 100, ಅಂಗೈ ಕಡೆ 40 ತುಂಬಿದ ಗ್ಲೌಸುಗಳು ಸಿಗುತ್ತವೆ. ಹಿಡಿಯುವ ಕಡೆ ತೆಳು, ಗಾಳಿ ಬಡಿಯುವ ಕಡೆ ದಪ್ಪ. ಇದನ್ನು ಮಾಡಿದವನು ಚಳಿಯಲ್ಲಿ ಕೆಲಸ ಮಾಡಿದವನೇ ಇರಬೇಕು.

ನೀರು ತಡೆಯುವ ಪೊರೆ ಬೇಕಾ? ಕರಗುತ್ತಿರುವ ಹಿಮ, ಮಳೆ ಸೇರಿದ ಚಳಿ ಇದ್ದರೆ ಬೇಕು. ಮೈನಸ್ 15ರ ಒಣ ಚಳಿಯಲ್ಲಿ ಬೇಡ. ಆ ಪೊರೆ ಬೆರಳಿಗೆ ಇನ್ನೊಂದು ಪದರ ಸೇರಿಸುತ್ತದೆ, ಬೆವರನ್ನೂ ನಿಧಾನವಾಗಿ ಬಿಡುತ್ತದೆ. ಮಿಟನ್ನಿಗೆ ಪೊರೆ ಇರಲಿ, ಲೈನರಿಗೆ ಬೇಡ.

ಲೇಬಲ್ಲಿನ ಅಂಕಿಗಳು

ಕೆಲಸದ ಗ್ಲೌಸಿನ ಮೇಲೆ ಹಿಮದ ಹರಳಿನ ಚಿತ್ರ ಮತ್ತು ಇಎನ್ 511 (ಚಳಿ ಗ್ಲೌಸಿಗೆ ಯೂರೋಪಿನ ಮಾನದಂಡ) ಅಂತ ಇದ್ದರೆ ಕೆಳಗೆ ಮೂರು ಅಂಕಿ ಇರುತ್ತವೆ. ಮೊದಲನೆಯದು ತಣ್ಣನೆ ಗಾಳಿಗೆ, 0ರಿಂದ 4. ಎರಡನೆಯದು ತಣ್ಣನೆ ವಸ್ತು ಮುಟ್ಟಿದಾಗ, ಅದೂ 0ರಿಂದ 4. ಮೂರನೆಯದು ನೀರಿಗೆ, 0 ಅಥವಾ 1. ಬಂದೂಕಿನ ಲೋಹದ ನಳಿಗೆ, ಪೈಪು, ಸ್ಪ್ಯಾನರ್ ಹಿಡಿಯುವವರು ಎರಡನೆಯ ಅಂಕಿ ನೋಡಬೇಕು. ಬಹಳ ಜನ ಮೊದಲನೆಯದನ್ನೇ ನೋಡಿ ಬಿಡುತ್ತಾರೆ.

ಬೆರಳಾಟಕ್ಕೂ 1ರಿಂದ 5ರವರೆಗೆ ದರ್ಜೆ ಇದೆ. ಗ್ಲೌಸ್ ಹಾಕಿಕೊಂಡು ಒಂದು ಸಣ್ಣ ಕಂಬಿಯನ್ನು 30 ಸೆಕೆಂಡಿನಲ್ಲಿ 3 ಸಲ ಎತ್ತಬೇಕು. 11 ಮಿಲಿಮೀಟರ್ ದಪ್ಪದ್ದನ್ನಷ್ಟೇ ಎತ್ತಲಾದರೆ 1, 5 ಮಿಲಿಮೀಟರಿನದನ್ನೂ ಎತ್ತಿದರೆ 5. ಹೊರಗಿನ ಗ್ಲೌಸಿಗೆ 3 ಸಾಕು, ಲೈನರಿಗೆ 5 ಬೇಕು. ಆದರೆ ಆ ಪರೀಕ್ಷೆ ಮಾಡಿದ ಕೈ ಮರಗಟ್ಟಿದ್ದಲ್ಲ ಅನ್ನುವುದು ನೆನಪಿರಲಿ.

ಆರನೇ ಹೆಜ್ಜೆ: ಮನೆಯಲ್ಲಿ ಪರೀಕ್ಷೆ

ಮೇಜಿನ ಮೇಲೆ ಒಂದು ನಾಣ್ಯ, ಒಂದು ಸಣ್ಣ ನಟ್ಟು ಬೋಲ್ಟು, ಬೆಂಕಿಕಡ್ಡಿ, ಶೂ ಲೇಸು ಇಡಿ. ಗ್ಲೌಸ್ ಹಾಕಿ. ನಾಣ್ಯವನ್ನು ಮೇಜಿನ ಅಂಚಿಗೆ ಎಳೆಯದೆ ಎತ್ತಿ. ನಟ್ಟನ್ನು ಬೋಲ್ಟಿಗೆ ಕೂರಿಸಿ. ಕಡ್ಡಿ ಗೀರಬೇಡಿ, ಎತ್ತಿ ಇಟ್ಟರೆ ಸಾಕು, ಸಿಂಥೆಟಿಕ್ ಗ್ಲೌಸ್ ಬೆಂಕಿಗೆ ಕರಗಿ ಅಂಟುತ್ತದೆ. ಈಗ ಕಣ್ಣು ಮುಚ್ಚಿ ಇದನ್ನೇ ಮಾಡಿ. ಕಣ್ಣು ಮುಚ್ಚಿದಾಗಲೇ ನಿಜ ಗೊತ್ತಾಗುವುದು.

ಆಮೇಲೆ ಹೊರಗೆ ಹೋಗಿ ಇಪ್ಪತ್ತು ನಿಮಿಷ ಸುಮ್ಮನೆ ನಿಂತು, ಮತ್ತೆ ಅದೇ ಪರೀಕ್ಷೆ. ಬೆಚ್ಚಗಿನ ಕೋಣೆಯಲ್ಲಿ ಎಲ್ಲ ಗ್ಲೌಸೂ ಒಳ್ಳೆಯದೇ.

ಬಂದೂಕಿನ ಜೊತೆ

ಇಲ್ಲಿ ನಿಧಾನವಾಗಿ ಓದಿ. ಮ್ಯಾಗಝಿನ್ ತೆಗೆಯಿರಿ. ತೋಟಾ ಕೂರುವ ಗೂಡು, ಅಂದರೆ ಚೇಂಬರ್ ತೆರೆದು ಕಣ್ಣಿನಿಂದ ನೋಡಿ, ಬೆರಳಿಂದಲೂ ಮುಟ್ಟಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ನಳಿಗೆ ಸುರಕ್ಷಿತ ದಿಕ್ಕಿಗೆ. ಕೆಲವು ರಿಮ್‌ಫೈರ್ ಬಂದೂಕುಗಳಲ್ಲಿ (ತೋಟಾದ ಅಂಚಿಗೆ ಪಿನ್ ಬಡಿದು ಹಾರುವಂಥವು) ಖಾಲಿ ಹೊಡೆದರೆ ಪಿನ್ ಹಾಳಾಗುತ್ತದೆ, ಅದಕ್ಕೆ ಡಮ್ಮಿ ತೋಟಾ ಹಾಕಿ.

ಈಗ ಗ್ಲೌಸ್ ಹಾಕಿ ನಾಲ್ಕು ವಿಷಯ ನೋಡಿ. ಬೆರಳು ಗಾರ್ಡಿನ ಒಳಗೆ ಹೋಗುವಾಗ ಟ್ರಿಗರಿನ ಮುಂಭಾಗಕ್ಕೆ ತಾನಾಗಿ ಒತ್ತುತ್ತದೆಯಾ? ಒತ್ತಿದರೆ ಆ ಗ್ಲೌಸ್ ಆ ಬಂದೂಕಿಗೆ ಆಗದು, ಎಷ್ಟೇ ಬೆಚ್ಚಗಿರಲಿ. ಎರಡನೆಯದು, ಟ್ರಿಗರ್ ಬಿಟ್ಟಾಗ ಅದು ಪೂರ್ತಿ ಮುಂದಕ್ಕೆ ಬರುತ್ತದೆಯಾ? ಗಾರ್ಡಿಗೂ ಟ್ರಿಗರಿಗೂ ನಡುವೆ ದಪ್ಪ ಬೆರಳು ಸಿಕ್ಕಿಕೊಂಡರೆ ಬರುವುದಿಲ್ಲ, ಮುಂದಿನ ಗುಂಡು ಹಾರುವುದಿಲ್ಲ. ಮೂರನೆಯದು, ನೋಡದೆ ಸೇಫ್ಟಿ ಹಾಕಿ ತೆಗೆಯಲು ಆಗುತ್ತದೆಯಾ, ಹಾಕಿದ್ದು ಬೆರಳಿಗೆ ತಿಳಿಯುತ್ತದೆಯಾ? ನಾಲ್ಕನೆಯದು, ಬೆರಳನ್ನು ಗಾರ್ಡಿನ ಹೊರಗೆ, ಬಂದೂಕಿನ ಪಕ್ಕಕ್ಕೆ ನೇರವಾಗಿ ಇಟ್ಟಾಗ ಅಲ್ಲೇ ಇದೆ ಅಂತ ಗೊತ್ತಾಗುತ್ತದೆಯಾ? ಗುರಿ ಹಿಡಿದು ಹೊಡೆಯಲು ತೀರ್ಮಾನಿಸುವವರೆಗೆ ಬೆರಳು ಇರಬೇಕಾದ ಜಾಗ ಅದೇ. ಈ ಸ್ಪರ್ಶ ಕಳೆದುಹೋಗಬಾರದು.

ಕೆಲವು ರೈಫಲ್‌ಗಳಲ್ಲಿ ಚಳಿಗಾಲಕ್ಕೆ ಅಂತಲೇ ಏರ್ಪಾಡು ಇದೆ. ಎಂ16 ಜಾತಿಯ ರೈಫಲ್‌ನಲ್ಲಿ ಟ್ರಿಗರ್ ಗಾರ್ಡನ್ನು ಒಂದು ಪಿನ್ ಒತ್ತಿ ಕೆಳಕ್ಕೆ ಇಳಿಸಬಹುದು, ಮಿಟನ್ ಹಾಕಿದ ಬೆರಳಿಗೆ ಜಾಗ ಆಗಲಿ ಅಂತ. ಆದರೆ ಗಾರ್ಡ್ ಇಳಿಸಿದ ಟ್ರಿಗರ್ ತೆರೆದ ಟ್ರಿಗರ್. ಪೊದೆಯ ಕಡ್ಡಿ ತಾಗಿದರೂ ಸಾಕು. ನಾನಾದರೆ ಗಾರ್ಡ್ ಬಿಟ್ಟು ಗ್ಲೌಸ್ ಬದಲಾಯಿಸುತ್ತೇನೆ.

ಪಿಸ್ತೂಲಿನವರಿಗೆ ಇನ್ನೆರಡು ಮಾತು. ಹೆಬ್ಬೆರಳು ತೋರುಬೆರಳಿನ ನಡುವಿನ ಬಟ್ಟೆ ಉಬ್ಬಿದ್ದರೆ ಗುಂಡು ಹಾರಿದಾಗ ಹಿಂದಕ್ಕೆ ಬರುವ ಪಿಸ್ತೂಲಿನ ಮೇಲ್ಭಾಗಕ್ಕೆ, ಅಂದರೆ ಸ್ಲೈಡಿಗೆ ಸಿಕ್ಕಿಕೊಳ್ಳುತ್ತದೆ. ಪಿಸ್ತೂಲನ್ನು ಹೋಲ್‌ಸ್ಟರಿಗೆ (ಅದರ ಒರೆಗೆ) ಇಡುವಾಗ ಗ್ಲೌಸಿನ ದಾರ, ಬಕಲ್, ಸಡಿಲ ಅಂಚು ಟ್ರಿಗರಿಗೆ ತಾಗದಂತೆ ನೋಡಿಕೊಂಡು ಇಡಿ. ಆ ಜಾಗದಲ್ಲಿ ಆತುರ ಬೇಡವೇ ಬೇಡ.

ತೋರುಬೆರಳ ತುದಿ ಕತ್ತರಿಸಿದ ಗ್ಲೌಸ್? ಹಲವರು ಮಾಡುತ್ತಾರೆ. ಹಗುರ ಚಳಿಗೆ ಪರವಾಗಿಲ್ಲ. ಗಟ್ಟಿ ಚಳಿಯಲ್ಲಿ ಬರಿ ಬೆರಳು ತಣ್ಣನೆ ಲೋಹಕ್ಕೆ ತಾಗಿದರೆ ಸ್ಪರ್ಶ ಇನ್ನೂ ಬೇಗ ಹೋಗುತ್ತದೆ. ಕತ್ತರಿಸುವ ಬದಲು ಒಂದು ಸೀಳು ಕೊಡಿ. ಬೇಕಾದಾಗ ಬೆರಳು ಹೊರಗೆ, ಬೇಡವಾದಾಗ ಒಳಗೆ.

ಗುಂಡು ಹೊಡೆದ ಗ್ಲೌಸಿನಲ್ಲಿ ಸೀಸದ ಪುಡಿ ಇರುತ್ತದೆ. ಅದನ್ನು ಹಾಕಿಕೊಂಡು ತಿನ್ನಬೇಡಿ, ಮೂಗು ಒರೆಸಬೇಡಿ, ಮನೆ ಬಟ್ಟೆಯ ಜೊತೆ ಒಗೆಯಬೇಡಿ. ನನ್ನ ಹಾಗೆ ಹಲ್ಲಿನಲ್ಲಂತೂ ಕಚ್ಚಲೇಬೇಡಿ.

ಕೆಲಸದ ಜಾಗದಲ್ಲಿ

ತಿರುಗುವ ಯಂತ್ರದ ಹತ್ತಿರ ಗ್ಲೌಸ್ ಬೇಡ. ಲೇತ್, ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಮಷೀನು ಗ್ಲೌಸಿನ ಅಂಚು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಅಲ್ಲಿ ಚಳಿಗೆ ಉತ್ತರ ಕೋಣೆ ಬೆಚ್ಚಗೆ ಮಾಡುವುದು.

ಪೆಟ್ರೋಲ್ ತುಂಬುವಾಗ ನೀರು ಎಣ್ಣೆ ಹೀರದ ಬೇರೆ ಗ್ಲೌಸ್ ಹಾಕಿ. ಪೆಟ್ರೋಲ್ ಮೈನಸ್ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಹೊರಗಿನಷ್ಟೇ ತಣ್ಣಗೆ ದ್ರವವಾಗಿಯೇ ಇರುತ್ತದೆ. ಬೆರಳ ಮೇಲೆ ಚೆಲ್ಲಿ ಆವಿಯಾದರೆ ಕ್ಷಣದಲ್ಲಿ ಹಿಮಗಡಿತ ಆಗಬಹುದು.

ಅದುರುವ ಉಪಕರಣ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದವರ ಬೆರಳು ಚಳಿಗೆ ಬೇಗ ಬಿಳಿಚಿಕೊಳ್ಳುತ್ತದೆ. ಅಂಥವರು ಗ್ಲೌಸ್ ದಪ್ಪ ಮಾಡಿಕೊಳ್ಳುವ ಮೊದಲು ವೈದ್ಯರಿಗೆ ತೋರಿಸಲಿ.

ಬೆರಳ ತುದಿ ಬೆಳ್ಳಗಾಗಿ, ಮೇಣದ ಹಾಗೆ ಕಂಡು, ಮುಟ್ಟಿದ್ದು ತಿಳಿಯದಿದ್ದರೆ ಕೆಲಸ ನಿಲ್ಲಿಸಿ. ಉಜ್ಜಬೇಡಿ, ಹಿಮ ತಿಕ್ಕಬೇಡಿ. ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗಿ. ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ 37ರಿಂದ 39 ಡಿಗ್ರಿ ನೀರಿನಲ್ಲಿ ಇಡಬೇಕು, ಆದರೆ ಮತ್ತೆ ಹೆಪ್ಪುಗಟ್ಟುವ ಸಂಭವ ಇಲ್ಲದಾಗ ಮಾತ್ರ. ಆಮೇಲೆ ನೇರ ಆಸ್ಪತ್ರೆಗೆ.

ಹೊರಗಿನ ಶಾಖ

ಕೈ ಬೆಚ್ಚಗಾಗಿಸುವ ಪೊಟ್ಟಣಗಳಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಗಾಳಿ ತಾಗಿದಾಗ ಅದು ತುಕ್ಕು ಹಿಡಿಯುತ್ತದೆ, ಆಗ ಶಾಖ ಬರುತ್ತದೆ. ಅದನ್ನು ಬಿಗಿ ಗ್ಲೌಸಿನೊಳಗೆ ತುರುಕಿದರೆ ಗಾಳಿ ಸಿಗದೆ ತಣ್ಣಗಾಗುತ್ತದೆ. ಆಗ ‘ಕೆಟ್ಟ ಮಾಲು’ ಅಂತ ಬೈಯುತ್ತೇವೆ. ಮಿಟನ್ನಿನಲ್ಲಿ ಕೈಯ ಹಿಂಬದಿಗೆ, ಇಲ್ಲವೇ ಲೈನರ್ ಮೇಲೆ ಮಣಿಕಟ್ಟಿನ ಒಳಭಾಗಕ್ಕೆ ಇಡಿ. ಬರಿ ಚರ್ಮಕ್ಕೆ ತಾಗಿಸಬೇಡಿ.

ಬ್ಯಾಟರಿ ಗ್ಲೌಸ್ ಕೂತಲ್ಲೇ ಕೂರುವವರಿಗೆ ಒಳ್ಳೆಯದು. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಬ್ಯಾಟರಿ ಮುಗಿದ ಮೇಲೂ ಆ ಗ್ಲೌಸ್ ಬೆಚ್ಚಗಿರಬೇಕು, ಅದನ್ನು ಆಫ್ ಮಾಡಿ ಪರೀಕ್ಷಿಸಿ.

ಒಣಗಿಸುವುದು

ಗ್ಲೌಸ್ ಹೆಚ್ಚು ಒದ್ದೆಯಾಗುವುದು ಹಿಮದಿಂದಲ್ಲ, ಬೆವರಿನಿಂದ. ಭಾರದ ಕೆಲಸ ಶುರುವಾಗುವ ಮೊದಲೇ ಹೊರಗಿನದನ್ನು ಕಳಚಿ, ಬೆವರು ಬಂದ ಮೇಲೆ ಕಳಚಿದರೆ ತಡವಾಯಿತು. ತೆಗೆದದ್ದನ್ನು ನೆಲಕ್ಕೆ ಇಡದೆ ಜಾಕೆಟ್ಟಿನ ಒಳಗೆ ಇಟ್ಟುಕೊಳ್ಳಿ. ಚೀಲದಲ್ಲಿ ಯಾವಾಗಲೂ ಒಂದು ಒಣ ಲೈನರ್ ಜೊತೆ ಇರಲಿ.

ರಾತ್ರಿ ಲೈನರನ್ನು ಹೊರಗಿನದರಿಂದ ಬೇರೆ ಮಾಡಿ, ಬೆರಳು ಮೇಲಾಗಿ, ಕೋಣೆಯ ಗಾಳಿಗೆ ಒಣಗಿಸಿ. ಹೀಟರಿನ ಮೇಲೆ ಇಟ್ಟರೆ ಚರ್ಮ ಹಪ್ಪಳ ಆಗುತ್ತದೆ. ಒಣಗಿದ ಚರ್ಮಕ್ಕೆ ವರ್ಷಕ್ಕೆರಡು ಸಲ ಜೇನುಮೇಣ ತೆಳುವಾಗಿ ಹಚ್ಚಿ. ಜಾಸ್ತಿ ಹಚ್ಚಿದರೆ ಬೆರಳು ಜಾರುತ್ತದೆ.

ಬಲಗೈಯವರಿಗೆ ಮೊದಲು ಸವೆಯುವುದು ಬಲ ತೋರುಬೆರಳಿನ ತುದಿ. ಲೈನರಿಗೆ ಅಲ್ಲಿ ತೂತು ಬಿದ್ದರೆ ದಪ್ಪ ದಾರದಲ್ಲಿ ಗಂಟು ಹಾಕಿ ಹೊಲಿಯಬೇಡಿ, ಮತ್ತೆ ಅದೇ ಗಂಟಿನ ಕಥೆ. ಒಂದೇ ಅಂಗಡಿಯಲ್ಲಿ ಒಂದೇ ಸೈಜಿನ ಎರಡು ಜೊತೆ ಲೈನರ್ ಒಟ್ಟಿಗೆ ಕೊಳ್ಳಿ. ಒಂದರ ಬಲಗೈ ಹೋದಾಗ ಇನ್ನೊಂದರದ್ದು ಹಾಕಿ. ಹಾಕಿದ ಮೇಲೆ ಖಾಲಿ ಬಂದೂಕಿನ ಆ ನಾಲ್ಕು ಪರೀಕ್ಷೆ ಮತ್ತೆ ಮಾಡಿ. ಹೊಸ ಬಟ್ಟೆ ಹಳೆಯದಕ್ಕಿಂತ ದಪ್ಪ ಇರುತ್ತದೆ.